ಕಂಪೈಲರಿನ ಜಾಣತನ ಮತ್ತು ದೋಷ ಶೋಧನೆ



ನೀವು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಗಣಕಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಕಂಪೈಲರ್ ಅದನ್ನು ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಆಗ ಕೆಲಸ ಬೇಗ ಮುಗಿಯುವಂತೆ ಆದೇಶಗಳನ್ನು ತಿದ್ದುವುದೂ ಉಂಟು. ಇದಕ್ಕೆ ಆಪ್ಟಿಮೈಸೇಷನ್ ಎಂದು ಹೆಸರು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಕಂಪೈಲರಿನಲ್ಲಿಯೇ ಈ ಗುಣವಿತ್ತು.

ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟ ಎರಡು ಬಸ್ಸುಗಳನ್ನು ಊಹಿಸಿಕೊಳ್ಳಿ. ಒಂದು ಅಮೀನಗಡ, ಹುನಗುಂದ ಎಂದು ಊರೂರಿಗೆ ನಿಲ್ಲುತ್ತದೆ. ಇನ್ನೊಂದು ತಡೆರಹಿತ. ಎರಡೂ ಮುಟ್ಟುವುದು ಇಳಕಲ್ಲನ್ನೇ. ಆದರೆ ಹುನಗುಂದದಲ್ಲಿ ಕಾದು ನಿಂತವನಿಗೆ ಎರಡನೆಯದು ಸಿಗುವುದಿಲ್ಲ.

ಡಿಬಗರ್ ಹಿಡಿದು ಕುಳಿತ ನಿಮ್ಮ ಪಾಡೂ ಇದೇ. ಪ್ರೋಗ್ರಾಮನ್ನು ಸಾಲುಸಾಲಾಗಿ ನಿಲ್ಲಿಸಿ ನೋಡಲು ಹೋದರೆ ಕೆಲವು ಸಾಲುಗಳು ಯಂತ್ರಭಾಷೆಯಲ್ಲಿ ಇರುವುದೇ ಇಲ್ಲ. ಕೆಲವು ಹಿಂದುಮುಂದಾಗಿರುತ್ತವೆ. ಚಿಕ್ಕ ಫಂಕ್ಷನ್ ತನ್ನನ್ನು ಕರೆದ ಫಂಕ್ಷನ್ನಿನಲ್ಲೇ ಬೆರೆತುಹೋಗಿರುತ್ತದೆ. ಚರಾಂಶವೊಂದರ ಬೆಲೆ ಕೇಳಿದರೆ ಜಿಡಿಬಿ ಡಿಬಗರ್ 'ಆಪ್ಟಿಮೈಸ್ಡ್ ಔಟ್' ಎನ್ನುತ್ತದೆ. ಅಂದರೆ ಆ ಬೆಲೆಗೆ ಅಲ್ಲಿ ಈಗ ಜಾಗವೇ ಇಲ್ಲ.

ಇದಕ್ಕಿಂತ ಕಠಿಣವಾದ ಪ್ರಸಂಗವನ್ನು ನೋಡೋಣ. ಬಾದಾಮಿ ಸೀಮೆಯ ಹೊಲವೊಂದರಲ್ಲಿ ನೀರಿನ ತೊಟ್ಟಿ ತುಂಬಿದೊಡನೆ ಪಂಪು ನಿಲ್ಲಿಸುವ ಸಾಧನವನ್ನು ನೀವು ಮಾಡಿದಿರೆನ್ನಿ. ತೊಟ್ಟಿ ತುಂಬಿದಾಗ ಇಂಟರಪ್ಟ್ ಫಂಕ್ಷನ್ 'ತುಂಬಿತು' ಎಂಬ ಚರಾಂಶವನ್ನು 1 ಮಾಡುತ್ತದೆ. ಮುಖ್ಯ ಪ್ರೋಗ್ರಾಮು ಲೂಪಿನಲ್ಲಿ ಅದನ್ನೇ ಕಾಯುತ್ತಿರುತ್ತದೆ. ಆಪ್ಟಿಮೈಸೇಷನ್ ಇಲ್ಲದಾಗ ಎಲ್ಲವೂ ಸರಿ. ಅದನ್ನು ಬಳಸಿದೊಡನೆ ಪಂಪು ನಿಲ್ಲುವುದಿಲ್ಲ, ನೀರು ಹೊಲಕ್ಕೆಲ್ಲ ಹರಿಯುತ್ತದೆ!

ಏಕೆ? ಲೂಪಿನೊಳಗೆ ಆ ಚರಾಂಶವನ್ನು ಬದಲಿಸುವ ಆದೇಶ ಯಾವುದೂ ಇಲ್ಲ. ಆದ್ದರಿಂದ ಕಂಪೈಲರ್ ಅದನ್ನು ಒಮ್ಮೆ ಮಾತ್ರ ಓದಿ, ಮತ್ತೆ ಓದುವ ಗೋಜಿಗೆ ಹೋಗಲಿಲ್ಲ. ತಪ್ಪು ಹುಡುಕಲೆಂದು ಲೂಪಿನಲ್ಲಿ ಒಂದು ಪ್ರಿಂಟ್‌ಎಫ್ ಸೇರಿಸಿದರೆ ದೋಷ ಮಾಯವಾದಂತೆಯೂ ಕಾಣಬಹುದು. ಏಕೆಂದರೆ ಹೊರಗಿನ ಫಂಕ್ಷನ್ ಚರಾಂಶವನ್ನು ಬದಲಿಸಿರಬಹುದೆಂದು ಕಂಪೈಲರ್ ಅದನ್ನು ಪುನಃ ಓದುತ್ತದೆ. ಇಲ್ಲಿ ಕಂಪೈಲರನ್ನು ದೂರಬೇಡಿ. 'ಇದು ಹೊರಗಿನಿಂದ ಬದಲಾಗಬಹುದು' ಎಂದು ತಿಳಿಸಲು ಸಿ ಭಾಷೆಯ 1989ರ ಮಾನಕದಲ್ಲಿ 'ವೊಲಟೈಲ್' ಎಂಬ ಪದವೇ ಇದೆ. ಅದನ್ನು ಬರೆಯುವುದು ನಮ್ಮ ಹೊಣೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಆಪ್ಟಿಮೈಸೇಷನ್ ಇಲ್ಲದೆ ದೋಷ ಹುಡುಕಿ. ಜಿಸಿಸಿ ಬಳಸುವವರಿಗೆ '-ಓ0', '-ಜಿ' ಎಂಬ ಆಯ್ಕೆಗಳಿವೆ. ದೋಷ ಶೋಧನೆಗೆ ಅಡ್ಡಿಯಾಗದಷ್ಟೇ ಸುಧಾರಿಸುವ '-ಓಜಿ' ಆಯ್ಕೆ 2013ರಲ್ಲಿ ಬಂದಿತು. ಕಂಪೈಲರ್ ಕೊಡುವ ಎಚ್ಚರಿಕೆಗಳನ್ನು ಒಂದೊಂದಾಗಿ ಓದಿ. ಕೊನೆಗೆ ಬಳಕೆಗೆ ಕೊಡುವ ರೂಪದಲ್ಲಿಯೇ, ಅಂದರೆ ಆಪ್ಟಿಮೈಸೇಷನ್ ಸಹಿತವಾಗಿ, ಪ್ರೋಗ್ರಾಮನ್ನು ಮತ್ತೆ ಪರೀಕ್ಷಿಸಿ. ಒಂದು ರೂಪದಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕೆಟ್ಟರೆ, ಬಹುಪಾಲು ದೋಷ ನಾವು ಬರೆದುದರಲ್ಲೇ ಇರುತ್ತದೆ.

ಇಳಕಲ್ಲಿನ ನೇಕಾರ ಕಡಿದ ಎಳೆಯನ್ನು ಮಗ್ಗದ ಮೇಲಿರುವಾಗಲೇ ಹುಡುಕಿ ಗಂಟು ಹಾಕುತ್ತಾನೆ. ಸೀರೆ ಮಡಿಸುವ ಮುನ್ನ ಮತ್ತೊಮ್ಮೆ ಬಿಚ್ಚಿ ನೋಡುತ್ತಾನೆ. ನೀವೂ ಎರಡು ಸಲ ನೋಡಿ.