ಗಾಲಿಯ ಅಗಲ

ಕನ್ನಡ ಪಾಠ ಹೇಳುವ ಮೇಷ್ಟ್ರಿಗೂ ಮೋಟಾರು ಕಾರಿನ ಗಾಲಿಗೂ ಏನು ನಂಟು ಎಂದು ವಾಚಕರು ಕೇಳಿದರೆ ಅದು ನ್ಯಾಯವೇ. ಹೋದ ವರ್ಷದ ಮುಂಗಾರಿನವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ಚಕ್ರಕ್ಕೆ ರಥಾಂಗವೆಂಬ ಹೆಸರುಂಟು, ಅದರ ಅಂಚು ನೇಮಿ, ನಡು ನಾಭಿ ಎಂದು ಅಮರಕೋಶದ ಪಾಠದಲ್ಲಿ ಕಲಿತದ್ದಷ್ಟೇ ನನ್ನ ಗಾಲಿಯ ಜ್ಞಾನ. ಮಿಕ್ಕದ್ದನ್ನು ನಮ್ಮ ಮನೆಯ ಹಳೆಯ ಅಂಬಾಸಿಡರ್ ಕಾರು ಕಲಿಸಿತು. ಕಲಿಸಿದ ಬಗೆ ಅಷ್ಟೇನೂ ಸುಖವಾದುದಲ್ಲ; ಆದಕಾರಣವೇ ಅದನ್ನು ತಮ್ಮ ಮುಂದೆ ಹೇಳಬೇಕೆನಿಸಿದೆ.

ಈ ಕಾರು ನಮ್ಮ ಮಾವನವರದು. ದುದ್ದದಲ್ಲಿ ಆಲೂಗೆಡ್ಡೆ ವ್ಯಾಪಾರ ಮಾಡಿಕೊಂಡಿದ್ದ ಅವರು 1986ರಲ್ಲಿ ಅದನ್ನು ಕೊಂಡರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯೇ ಅಂಬಾಸಿಡರಿನ ಮೂಲ. ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಲ್ಲಿ ಅದರ ತಯಾರಿಕೆಯನ್ನು ತೊಡಗಿದರು. 2014ರಲ್ಲಿ ಅದು ನಿಂತಿತು. ಮಂತ್ರಿಗಳೂ ಅದರಲ್ಲಿಯೇ, ಮದುವೆಯ ದಿಬ್ಬಣವೂ ಅದರಲ್ಲಿಯೇ ಎಂಬ ಕಾಲವೊಂದಿತ್ತು. ಮಾವನವರು ಕಡೆಯ ದಿನಗಳಲ್ಲಿ ನನ್ನನ್ನು ಕರೆದು, "ಅಳಿಯಂದಿರೇ, ಇದನ್ನು ಮಾತ್ರ ಗುಜರಿಗೆ ಹಾಕಬೇಡಿ" ಎಂದಿದ್ದರು. ಆ ಮಾತಿನಿಂದ ಕಾರು ನಮ್ಮ ಮನೆಗೆ ಬಂತು.

ನನ್ನ ಮಗ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ತಾತನ ಕಾರೆಂದರೆ ಅವನಿಗೆ ಪ್ರಾಣ. ಎಂಜಿನನ್ನು ಬಿಚ್ಚಿಸಿದ, ಬಣ್ಣ ಹೊಡೆಸಿದ. ಎಲ್ಲವೂ ಆದ ಮೇಲೆ ಒಂದು ದಿನ, "ಅಪ್ಪ, ಗಾಲಿ ಮಾತ್ರ ಬಡವಾಗಿದೆ. ದೊಡ್ಡ ಮೈಗೆ ಸಣ್ಣ ಕಾಲು. ಅಗಲದ ಉಕ್ಕಿನ ಗಾಲಿ ಹಾಕಿಸೋಣ" ಎಂದ. ನೋಡಿದರೆ ಅವನ ಮಾತು ಸುಳ್ಳಲ್ಲ. ಆ ಕಾರಿನ ಟೈರಿನ ಮೇಲೆ 5.90-15 ಎಂದು ಅಚ್ಚಾಗಿರುತ್ತದೆ. ಮೊದಲನೆಯ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ಎಂದರೆ ಟೈರಿನ ಅಗಲ ಸುಮಾರು 150 ಮಿಲಿಮೀಟರು. ಅದನ್ನು ಹೊತ್ತ ರಿಮ್ಮು ಸುಮಾರು 4 ಇಂಚು. ಈಗಿನ ಕಾರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಪಂಚೆಯುಟ್ಟ ಪೈಲ್ವಾನನ ಮೀನಖಂಡದಂತೆ ಕಾಣುವುದು ನಿಜ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿನ ಬಿಡಿಭಾಗಗಳನ್ನು ಹುಡುಕಿದ ಹುಡುಗ, ಕಡೆಗೆ ಬೇರೊಂದು ಊರಿನ ಕಾರ್ಯಾಗಾರದಲ್ಲಿ ಹಳೆಯ ರಿಮ್ಮುಗಳನ್ನೇ ಕೊಟ್ಟು ಅಗಲ ಮಾಡಿಸಿಕೊಂಡು ಬಂದ. ಆ ಕಾರ್ಯಾಗಾರದ ಹೆಸರು ಇಲ್ಲಿ ಬೇಡ. ಕೆಲಸದ ರೀತಿ ಹೀಗೆ: ರಿಮ್ಮಿನ ಸುತ್ತುಬಳೆಯನ್ನು ಕೊಯ್ದು, ನಡುವೆ ಉಕ್ಕಿನ ಪಟ್ಟಿಯೊಂದನ್ನು ಬಳೆಯಂತೆ ಬಾಗಿಸಿ ಇಟ್ಟು, ಎರಡೂ ಕಡೆ ಬೆಸುಗೆ ಹಾಕುವುದು. ನಾಲ್ಕು ಇಂಚು ಆರಾಯಿತು. ಅದಕ್ಕೆ ತಕ್ಕ ಅಗಲದ ಟೈರುಗಳು ಬಂದುವು. ಕಾರನ್ನು ಸಂತೆಬೀದಿಯಲ್ಲಿ ನಿಲ್ಲಿಸಿದಾಗ ಜನ ಸುತ್ತುಗಟ್ಟಿದರು. ಮಗನ ಮುಖ ನೋಡಿ ನನಗೂ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಹದಿನೈದು ದಿನದ ಮೇಲೆ ನಮ್ಮ ಅತ್ತೆಯವರಿಗೆ ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿ, ಸಂಜೆಯ ಮಳೆಯಲ್ಲಿ ಊರಿಗೆ ಹಿಂದಿರುಗುತ್ತಿದ್ದೆವು. ಹಿಂದೆ ಮೂವರು, ಮುಂದೆ ನಾವಿಬ್ಬರು. ತಿರುವಿನಲ್ಲಿ ಹಳ್ಳಕ್ಕೆ ಇಳಿದಾಗಲೆಲ್ಲ ಮುಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರಗರ ಎನ್ನುತ್ತಿತ್ತು. ನೀರು ನಿಂತ ಕಡೆ ಸ್ಟೀರಿಂಗು ಕೈಯಲ್ಲಿ ಹಗುರವಾದಂತಾಗಿ ಎದೆ ಝಲ್ಲೆನ್ನುತ್ತಿತ್ತು. ಅರ್ಧ ದಾರಿಯಲ್ಲಿ ಕಾರು ಎಡಕ್ಕೆ, ರಸ್ತೆ ಬದಿಯ ಕಾಲುವೆಯ ಕಡೆಗೆ ಎಳೆಯತೊಡಗಿತು. ಮಗ ಬಲವಾಗಿ ಹಿಡಿದು ನಿಲ್ಲಿಸಿದ. ಇಳಿದು ನೋಡಿದರೆ ಮುಂದಿನ ಎಡಗಾಲಿಯಲ್ಲಿ ಗಾಳಿಯಿಲ್ಲ. ಮೊಳೆಯಿಲ್ಲ, ಮುಳ್ಳಿಲ್ಲ. ಮಳೆಯಲ್ಲಿ ನೆನೆಯುತ್ತ ಗಾಲಿ ಬದಲಾಯಿಸುವಾಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕುಳಿತಿದ್ದ ಅತ್ತೆಯವರು, "ಈ ಗಾಲಿ ಯಾರಿಗೆ ಕಾಣಲಿ ಅಂತ ಹಾಕಿಸಿದಿರಿ? ನನಗಂತೂ ಕಾಣ್ತಿಲ್ಲ" ಎಂದರು. ಮಗ ತಲೆಯೆತ್ತಲಿಲ್ಲ.

ಮರುದಿನ ಗಾಲಿಯನ್ನು ನಮ್ಮೂರಿನ ಆಚಾರ್ರ ಕುಲುಮೆಗೆ ಒಯ್ದೆವು. ಎಪ್ಪತ್ತು ದಾಟಿದ ಅವರು ಎತ್ತಿನ ಗಾಡಿಗೆ ಗಾಲಿ ಕಟ್ಟಿ ಬೆಳೆದವರು. ಟೈರು ಬಿಚ್ಚಿಸಿ ಟ್ಯೂಬನ್ನು ನೋಡಿದರು; ಬೆಸುಗೆಯ ಗಂಟು ರಿಮ್ಮಿನೊಳಗೆ ಹಾಗೆಯೇ ಉಳಿದು, ದಿನದಿನವೂ ತಿಕ್ಕಿ ತಿಕ್ಕಿ ಟ್ಯೂಬನ್ನು ತೂತು ಮಾಡಿತ್ತು. ಬಳಿಕ ಬರಿಯ ರಿಮ್ಮನ್ನು ಕಾರಿಗೆ ಸಿಕ್ಕಿಸಿ, ಜಾಕಿಯ ಮೇಲೆತ್ತಿ ತಿರುಗಿಸಿ, ಒಂದು ಸೀಮೆಸುಣ್ಣವನ್ನು ಅಂಚಿನ ಹತ್ತಿರ ಅಲುಗದಂತೆ ಹಿಡಿದರು. ಗಾಲಿ ನೆಟ್ಟಗಿದ್ದರೆ ಸುತ್ತಲೂ ಗೆರೆ ಮೂಡಬೇಕು. ಮೂಡಿದ್ದು ಒಂದೇ ಕಡೆ, ಗೇಣುದ್ದ. "ಮೇಷ್ಟ್ರೇ, ಗಾಲಿ ಸೊಟ್ಟ. ಅಗಲ ಮಾಡಿದ್ದಾರೆ, ದುಂಡು ಮಾಡಿಲ್ಲ" ಎಂದರು. ನನ್ನ ಕರಿಹಲಗೆಯ ಸುಣ್ಣದ ಕಡ್ಡಿಯೇ ನನಗೆ ಪಾಠ ಹೇಳಿತು.

ಅಗಲದ ಗಾಲಿ ಕೆಟ್ಟದ್ದೆಂದು ತಾವು ತಿಳಿಯಬಾರದು. ನಮ್ಮ ಎತ್ತಿನ ಗಾಡಿಯನ್ನೇ ನೋಡಿ. ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿ ಕಿರಿದಾದುದರಿಂದ ಕೆಸರಿನಲ್ಲಿ ಹೂತು, ರಸ್ತೆಯನ್ನೂ ಕೊಯ್ಯುತ್ತಿತ್ತು. ಗಾಳಿ ತುಂಬಿದ ಅಗಲದ ಟೈರು ಬಂದ ಮೇಲೆ ಎತ್ತುಗಳಿಗೆ ಭಾರ ಇಳಿಯಿತು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದುದು ಬಲ್ಲವರಿಗೆ ಗೊತ್ತು. ಕುರುಕ್ಷೇತ್ರದಲ್ಲಿ ಕರ್ಣನ ರಥದ ಗಾಲಿ ಅಗಲವಾಗಿದ್ದರೆ ಭಾರತದ ಕಥೆಯೇ ಬೇರೆಯಾಗುತ್ತಿತ್ತೇನೋ ಎಂದು ಮಕ್ಕಳು ತರಗತಿಯಲ್ಲಿ ಕೇಳಿದ್ದುಂಟು. ಆದರೆ ಗಾಡಿಗೆ ಟೈರು ಹಾಕಿದವರು ಅಚ್ಚನ್ನೂ ಬೇರಿಂಗನ್ನೂ ಬದಲಾಯಿಸಿದರು. ಗಾಲಿಯೊಂದನ್ನೇ ಬದಲಾಯಿಸಲಿಲ್ಲ.

ಕಾರಿನಲ್ಲಿಯೂ ಲೆಕ್ಕ ಅದೇ. ಎರಡು ಇಂಚನ್ನು ಪೂರ್ತಿಯಾಗಿ ಹೊರಗಡೆಗೇ ಬೆಳೆಸಿದರೆ ಟೈರಿನ ನಡುಗೆರೆ ಒಂದು ಇಂಚು ಹೊರಗೆ ಸರಿಯುತ್ತದೆ. ಆಗ ಬೇರಿಂಗಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಪ್ರತಿ ಹಳ್ಳವೂ ಸ್ಟೀರಿಂಗನ್ನು ಹಿಡಿದು ಜಗ್ಗುತ್ತದೆ. ಒಳಕ್ಕೊಂದು ಹೊರಕ್ಕೊಂದು ಎಂದು ಸಮವಾಗಿ ಹಂಚಿದರೆ ನಡುಗೆರೆ ಇದ್ದಲ್ಲಿಯೇ ಇರುತ್ತದೆ. ಆದರೆ ಒಳಗಡೆ ಸ್ಪ್ರಿಂಗಿಗೂ ಸ್ಟೀರಿಂಗಿನ ಕಂಬಿಗೂ ತಾಗದಷ್ಟು ಎಡೆಯಿರಬೇಕು. ಇನ್ನು, ಅಗಲದ ಟೈರು ನೆಲವನ್ನು ಹೆಚ್ಚು ಹಿಡಿಯುತ್ತದೆಂಬ ನಂಬಿಕೆ ಅರ್ಧ ಸತ್ಯ. ಕಾರಿನ ತೂಕವೂ ಗಾಳಿಯ ಒತ್ತಡವೂ ಮೊದಲಿನಷ್ಟೇ ಇದ್ದರೆ ನೆಲ ಮುಟ್ಟುವ ಜಾಗವೂ ಹೆಚ್ಚು ಕಡಮೆ ಅಷ್ಟೇ. ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ಒಣರಸ್ತೆಯ ತಿರುವಿನಲ್ಲಿ ಇದರಿಂದ ಲಾಭವುಂಟು. ನಿಂತ ನೀರಿನಲ್ಲಿ ಮಾತ್ರ ಅಗಲದ ಟೈರು ದೋಣಿಯಂತೆ ಬೇಗ ತೇಲುತ್ತದೆ. ನಮ್ಮ ಕೈ ಅಂದು ಹಗುರಾದುದು ಅದರಿಂದಲೇ.

ಆದುದರಿಂದ ಹಳೆಯ ಕಾರಿಗೆ ಅಗಲದ ಗಾಲಿ ಹಾಕಿಸುವವರು ಕೆಲವನ್ನು ನೋಡಿಕೊಳ್ಳಲೇಬೇಕು. ಕೊಯ್ದು ಬೆಸೆದ ಗಾಲಿಗಿಂತ ಒಂದೇ ಅಚ್ಚಿನಲ್ಲಿ ಒತ್ತಿ ಮಾಡಿದ ಗಾಲಿ ಲೇಸು. ನಟ್ಟಿನ ಓರೆಗೂ ರಂಧ್ರದ ಓರೆಗೂ ಹೊಂದಿಕೆಯಿರಬೇಕು. ಇಲ್ಲವಾದರೆ, ಪಂಡಿತನ ಹಾಸ್ಯವೆಂದು ಮನ್ನಿಸಿ, ಅಗಲವಾದ ಗಾಲಿ ಅಗಲಿಯೇ ಹೋದೀತು. ಐದು ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿಯೂ ತಾಗದೆಂದು ಕಂಡ ಮೇಲೆಯೇ ರಸ್ತೆಗಿಳಿಸಬೇಕು. ನೂರು ಕಿಲೋಮೀಟರು ಓಡಿದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಕಾಯಿದೆಯ ಮಾತೂ ಉಂಟು. ತಯಾರಕರು ಮೊದಲು ಗೊತ್ತುಮಾಡಿದ ವಿವರಕ್ಕೂ ನೋಂದಣಿ ಪತ್ರಕ್ಕೂ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹಣ ಸುರಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ಒಂದು ಮಾತು ಕೇಳುವುದು ಕ್ಷೇಮ.

ನಮ್ಮ ಕಾರಿಗೆ ಈಗ ಕಾರ್ಖಾನೆಯ ಅಳತೆಯ ಗಾಲಿಗಳೇ ಇವೆ. ಮಗ ತಿಂಗಳುಗಟ್ಟಲೆ ಅಲೆದು ಸೊಟ್ಟಿಲ್ಲದ ನಾಲ್ಕನ್ನು ಆರಿಸಿ ತಂದ. ಪ್ರತಿಯೊಂದಕ್ಕೂ ಸೀಮೆಸುಣ್ಣ ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಟ್ಟನಂತೆ. ಅಗಲ ಮಾಡಿದ ಗಾಲಿಗಳಲ್ಲಿ ಒಂದನ್ನು ಅವನೇ ಗರಗಸದಿಂದ ಕೊಯ್ದು, ಬೆಸುಗೆ ಅರ್ಧ ಮಾತ್ರ ಇಳಿದಿದ್ದುದನ್ನು ನನಗೆ ತೋರಿಸಿದ. ನಾನು ಬೈಯಲಿಲ್ಲ. ಅವನ ಆಸೆಯಲ್ಲಿ ತಪ್ಪಿರಲಿಲ್ಲ, ಅಳತೆಯಲ್ಲಿತ್ತು.

ಮೊನ್ನೆ ಅತ್ತೆಯವರು ಆ ಕಾರಿನಲ್ಲಿ ಹಾಸನಕ್ಕೆ ಹೋಗಿ ಬಂದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಇಳಿದವರು ಗಾಲಿಯ ಕಡೆ ಬಗ್ಗಿ ನೋಡಿ, "ಇದು ನಮ್ಮವರ ಕಾಲದ ಗಾಲಿ" ಎಂದು ಮೊಮ್ಮಗನ ಬೆನ್ನು ಸವರಿ ಒಳಗೆ ಹೋದರು.