ಸ್ತ್ರೀಯರ ಅನಾಸಕ್ತಿಯೂ ಅದರ ಔಷಧವೂ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಪೆನ್ನಾಗರದಲ್ಲಿ ನಡೆದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಆರೋಗ್ಯವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ನನ್ನನ್ನು ಕೇಳಿದಾಗ, ನಾನು ಶಿಶುಪಾಲನೆಯನ್ನೋ ಪಥ್ಯಪಾನವನ್ನೋ ಆರಿಸಿಕೊಳ್ಳುವೆನೆಂದು ಅವರು ಭಾವಿಸಿದ್ದಿರಬೇಕು. ವಿಷಯವನ್ನು ತಿಳಿಸಿದಾಗ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಿದ್ದು, “ಆಗಲಿ ಅಮ್ಮ, ಯಾರಾದರೂ ಹೇಳಬೇಕಾದದ್ದೇ” ಎಂದರು. ಅವರ ಧೈರ್ಯಕ್ಕೆ ನಾನು ಕೃತಜ್ಞಳು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ, ಈ ಸೀಮೆಯ ಆಸ್ಪತ್ರೆಯೊಂದರಲ್ಲಿ ನಾನು ಕೆಲಸದಲ್ಲಿದ್ದಾಗ, ಸುಮಾರು ಮೂವತ್ತರ ಹೆಣ್ಣುಮಗಳೊಬ್ಬಳನ್ನು ಆಕೆಯ ಗಂಡ ಕರೆತಂದ. ಮಾತೆಲ್ಲ ಅವನದೇ. ಇವಳಿಗೆ ಸಂಸಾರದಲ್ಲಿ ಆಸೆಯೇ ಉಳಿದಿಲ್ಲ, ಏನಾದರೂ ಮದ್ದು ಕೊಡಬೇಕು ಎಂದ. ಆಕೆ ನೆಲವನ್ನು ನೋಡುತ್ತ ನಿಂತಿದ್ದಳು. ಹೌದೇ ಎಂದು ನಾನು ತಮಿಳಿನಲ್ಲಿ ಕೇಳಿದೆ, ಆಕೆ ತಲೆಯಾಡಿಸಿದಳು. ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಕಬ್ಬಿಣಾಂಶದ ಟಾನಿಕ್ಕೊಂದನ್ನು ಬರೆದು ಕಳುಹಿಸಿಬಿಟ್ಟೆ. ಕೆಲವು ತಿಂಗಳಾದ ಮೇಲೆ ಮಗುವಿನ ಜ್ವರಕ್ಕೆಂದು ಆಕೆ ಒಬ್ಬಳೇ ಬಂದಳು. ಆಯಾಳೊಡನೆ ನಾನು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ, ಬಾಗಿಲಿನವರೆಗೆ ಹೋದವಳು ಹಿಂದಿರುಗಿ ಬಂದು ಮೆಲ್ಲನೆ ಹೇಳಿದಳು: “ಬೇಡಾಂತಲ್ಲ ಡಾಕ್ಟ್ರಮ್ಮ, ನೋವು. ಎರಡನೇ ಹೆರಿಗೆ ಆದಾಗಿನಿಂದ ಚಾಕು ಹಾಕಿದಂಗೆ ನೋವು.” ಪರೀಕ್ಷಿಸಿ ನೋಡಿದರೆ, ಹೆರಿಗೆಯ ಹೊಲಿಗೆ ಸರಿಯಾಗಿ ಕೂಡದೆ ಗಂಟುಗಟ್ಟಿತ್ತು. ಆಸೆಯಿಲ್ಲವೆಂದು ಗಂಡ ದೂರಿದ್ದ. ಆಸೆಯ ಮಾತೇ ಅಲ್ಲಿರಲಿಲ್ಲ.

ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಸ್ತ್ರೀಯರ ಕಾಮಾಸಕ್ತಿಯ ಕೊರತೆಗೆಂದೇ ಹೊರಟ ಗುಳಿಗೆಯೊಂದರ ಚರಿತ್ರೆಯನ್ನು ತಾವು ಆಲಿಸಬೇಕು. ಅದರ ಹೆಸರು ಫ್ಲಿಬಾನ್ಸೆರಿನ್. ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿಯವರು ಅದನ್ನು ಮೊದಲು ಮನಸ್ಸಿನ ಖಿನ್ನತೆಗೆ ಮದ್ದೆಂದು ಪರೀಕ್ಷಿಸಿದರು. ಖಿನ್ನತೆಗೆ ಅದು ನಾಟಲಿಲ್ಲ. ಬಳಿಕ ಅದನ್ನು ಈ ಉಪಯೋಗಕ್ಕೆ ತಿರುಗಿಸಲಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಸ್ಪ್ರೌಟ್ ಎಂಬ ಸಣ್ಣ ಕಂಪನಿ ಅದನ್ನು ಕೊಂಡು 2013ರಲ್ಲಿ ಮತ್ತೆ ಮುಂದಿಟ್ಟಿತು; ಮತ್ತೆ ತಿರಸ್ಕಾರ. ಆಗ, ಗಂಡಸರಿಗೆ 1998ರಲ್ಲಿಯೇ ವಯಾಗ್ರ ದೊರೆತಿರುವಾಗ ಹೆಂಗಸರಿಗೆ ಒಂದು ಮದ್ದೂ ಇಲ್ಲದಿರುವುದು ಪಕ್ಷಪಾತವಲ್ಲವೆ ಎಂದು ಕೇಳುವ ಚಳವಳಿಯೊಂದು ಎದ್ದಿತು. ಅದಕ್ಕೆ ಆ ಕಂಪನಿಯ ಹಣದ ನೆರವೂ ಇದ್ದಿತು. 2015ರ ಆಗಸ್ಟ್ 18ರಂದು, ಇನ್ನೂ ಮುಟ್ಟು ನಿಲ್ಲದ ಸ್ತ್ರೀಯರಿಗೆಂದು ಗುಳಿಗೆಗೆ ಒಪ್ಪಿಗೆ ದೊರೆಯಿತು. ಎರಡೇ ದಿನಗಳಲ್ಲಿ ವ್ಯಾಲಿಯಂಟ್ ಎಂಬ ದೊಡ್ಡ ಕಂಪನಿ ಸುಮಾರು 100 ಕೋಟಿ ಡಾಲರಿಗೆ ಸ್ಪ್ರೌಟನ್ನೇ ಕೊಳ್ಳುವುದಾಗಿ ಸಾರಿತು.

ಗುಣವೆಷ್ಟು ಎಂದು ಕೇಳುವಿರಿ. ಪ್ರತಿರಾತ್ರಿ ತಪ್ಪದೆ ಸೇವಿಸಿದರೆ, ಬರಿಯ ಹುಸಿಗುಳಿಗೆಯನ್ನು ನುಂಗಿದವರಿಗಿಂತ ತಿಂಗಳಿಗೆ ಅರ್ಧದಿಂದ ಒಂದು ಬಾರಿಯಷ್ಟು ಹೆಚ್ಚು ತೃಪ್ತಿಕರವಾದ ಕೂಟ. ತಲೆಸುತ್ತು, ನಿದ್ರೆಯ ಜೊಂಪು, ಓಕರಿಕೆ, ರಕ್ತದೊತ್ತಡ ಕುಸಿದು ಮೂರ್ಛೆ, ಇವು ಅದರ ದೋಷಗಳು. ಮದ್ಯದೊಡನೆ ಸೇರಿದರೆ ಅಪಾಯ ಹೆಚ್ಚು. ಈ ಮದ್ಯದ ಪರೀಕ್ಷೆಯನ್ನು 25 ಜನರ ಮೇಲೆ ನಡೆಸಿದರು. ಅವರಲ್ಲಿ 23 ಮಂದಿ ಗಂಡಸರು, ಇಬ್ಬರು ಮಾತ್ರ ಹೆಂಗಸರು! ಸ್ತ್ರೀಯರ ಸಮಾನತೆಯ ಹೆಸರಿನಲ್ಲಿ ಬಂದ ಮದ್ದಿನ ಕಥೆಯಿದು. 2019ರಲ್ಲಿ ಬ್ರೆಮೆಲನೊಟೈಡ್ ಎಂಬ ಸೂಜಿಮದ್ದೂ ಬಂದಿತು. ಅದನ್ನು ಚುಚ್ಚಿಕೊಂಡವರಲ್ಲಿ ನೂರಕ್ಕೆ ನಲವತ್ತು ಜನರಿಗೆ ಓಕರಿಕೆ.

ಆದರೂ ಸಮಾನತೆಯ ವಾದವನ್ನು ನಾನು ತಳ್ಳಿಹಾಕಲಾರೆ. ಗಂಡಸಿನ ದೂರು ದೇಹದ್ದು, ಹೆಂಗಸಿನ ದೂರು ಬರಿಯ ಮನಸ್ಸಿನದು ಎಂದು ವೈದ್ಯರು ಕೈತೊಳೆದುಕೊಂಡದ್ದುಂಟು. ತನಗೇ ಬೇಕೆನಿಸಿದ್ದ ಸುಖ ಕಾರಣವಿಲ್ಲದೆ ಕಳೆದುಹೋಯಿತೆಂದು ಕಣ್ಣೀರಿಡುವ ಸ್ತ್ರೀಯರನ್ನು ನಾನು ಕಂಡಿದ್ದೇನೆ. ಅವರಿಗೆ ಗುಳಿಗೆ ಬೇಡವೆನ್ನಲು ನಾನಾರು? ಆದರೆ ವಯಾಗ್ರದ ಹೋಲಿಕೆ ಮಾತ್ರ ಸರಿಯಲ್ಲ. ಅದು ಆಸೆಯನ್ನು ಹುಟ್ಟಿಸುವುದಿಲ್ಲ, ರಕ್ತಸಂಚಾರಕ್ಕೆ ಅನುಕೂಲಮಾಡುತ್ತದೆ, ಅಷ್ಟೆ. ಅದನ್ನೇ ಸ್ತ್ರೀಯರಿಗೆ ಕೊಟ್ಟು ನೋಡುತ್ತಿದ್ದ ಫೈಜರ್ ಕಂಪನಿಯವರು 2004ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ಎದುರುಪಕ್ಷದಲ್ಲಿ, ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಲಿಯೊನೋರ್ ಟೀಫರ್ ಅವರು, ಬಾಳಿನ ಕಷ್ಟಗಳಿಗೆ ರೋಗದ ಹೆಸರಿಟ್ಟು ಮಾರಾಟಕ್ಕೆ ದಾರಿಮಾಡುತ್ತಿದ್ದಾರೆಂದು ಬಹುಕಾಲ ಎಚ್ಚರಿಸಿದರು.

ಅಮೆರಿಕದ ಜಗಳ ಪೆನ್ನಾಗರಕ್ಕೇಕೆ ಎನ್ನಬೇಡಿ. ನಮ್ಮ ಎರಡು ಮಗ್ಗುಲಲ್ಲಿಯೂ ಈ ವಿಚಾರದಲ್ಲಿ ಶೋಧನೆ ನಡೆದಿದೆ. ವೆಲ್ಲೂರಿನ ವೈದ್ಯರು ಹೊರರೋಗಿಗಳಾಗಿ ಬಂದ 149 ಹೆಂಗಸರನ್ನು ಪ್ರಶ್ನಾವಳಿಯೊಂದರಿಂದ ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವರಲ್ಲಿ ನೂರಕ್ಕೆ ಸುಮಾರು 73 ಮಂದಿಗೆ ದಾಂಪತ್ಯಸುಖದ ತೊಂದರೆಯಿದ್ದಿತು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಟಿ. ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ಹಳ್ಳಿಯ ಜನರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿಯಾದರೋ ಇಂಥ ತೊಂದರೆ ಕಂಡದ್ದು ನೂರಕ್ಕೆ 14 ಮಂದಿ ಸ್ತ್ರೀಯರಲ್ಲಿ. ಆಸೆಯ ಕೊರತೆ ಸುಮಾರು 9 ಮಂದಿಯಲ್ಲಿ. ಒಂದು ಕಡೆ ಆಸ್ಪತ್ರೆಗೆ ಬಂದವರು, ಇನ್ನೊಂದು ಕಡೆ ಊರಿನವರು, ಅಳತೆಗೋಲೂ ಬೇರೆ. ಕೋಲು ಬದಲಾದರೆ ರೋಗಿಗಳ ಸಂಖ್ಯೆಯೂ ಬದಲಾಗುತ್ತದೆ. ಗುಳಿಗೆ ಮಾರುವವನು ಯಾವ ಕೋಲನ್ನು ಹಿಡಿಯುವನೆಂದು ಹೇಳಬೇಕಾಗಿಲ್ಲ. ಆದರೆ ವೆಲ್ಲೂರಿನ ವರದಿಯಲ್ಲಿ ನನ್ನ ಮನಸ್ಸನ್ನು ಕಲಕಿದ ಮಾತು ಬೇರೊಂದಿದೆ: ಆ ಹೆಂಗಸರಲ್ಲಿ ಒಬ್ಬಳಾದರೂ ಅದಕ್ಕಾಗಿ ವೈದ್ಯರ ಸಹಾಯವನ್ನು ಕೇಳಿರಲಿಲ್ಲ.

ವೈದ್ಯಶಾಸ್ತ್ರವು ಈ ಅನಾಸಕ್ತಿಯನ್ನು ರೋಗವೆಂದು ಕರೆಯುವುದು ಅದರಿಂದ ಆಕೆಗೇ ವ್ಯಥೆಯಾಗುತ್ತಿದ್ದರೆ ಮಾತ್ರ. ಗಂಡನಿಗೆ ಅಸಮಾಧಾನವಾಯಿತೆಂಬುದು ಹೆಂಡತಿಯ ರೋಗಲಕ್ಷಣವಲ್ಲ. ನಾನು ಅಂದು ಮರೆತದ್ದು ಇದನ್ನೇ.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷದ ಹೆಂಗಸರಲ್ಲಿ ತಮಿಳುನಾಡಿನಲ್ಲಿ ನೂರಕ್ಕೆ 53, ಕರ್ನಾಟಕದಲ್ಲಿ 48 ಮಂದಿ ರಕ್ತಹೀನರು. ಕೋಳಿ ಕೂಗುವ ಮುಂಚೆ ಎದ್ದು, ನೀರು ಸೌದೆ ಹೊತ್ತು, ಕೂಲಿಗೆ ಹೋಗಿ ಬಂದು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡು ಮಲಗುವವಳಿಗೆ ಬೇಕಾದದ್ದು ನಿದ್ರೆ. ಗಂಡ ಬೆಂಗಳೂರಿನಲ್ಲಿಯೋ ತಿರುಪ್ಪೂರಿನಲ್ಲಿಯೋ ದುಡಿಯುತ್ತಿದ್ದು ಹಬ್ಬಕ್ಕೆ ಮಾತ್ರ ಬರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಬಂದ ಗಂಡ ಕುಡಿದು ಬಂದರೆ? ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದೇವೆಂದು ಅದೇ ಸಮೀಕ್ಷೆಗೆ ಹೇಳಿದವರು ತಮಿಳುನಾಡಿನಲ್ಲಿ ನೂರಕ್ಕೆ 38, ಕರ್ನಾಟಕದಲ್ಲಿ 44. ಹೊಡೆಸಿಕೊಂಡ ಮೈಯಲ್ಲಿ ಯಾವ ಗುಳಿಗೆ ಆಸೆಯನ್ನು ಬೆಳೆಸೀತು? ಥೈರಾಯಿಡ್ ಗ್ರಂಥಿಯ ದೋಷ, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಔಷಧಗಳು, ಮುಟ್ಟು ನಿಂತ ಮೇಲಿನ ಶುಷ್ಕತೆ, ಇವುಗಳಿಗೆ ಪರಿಹಾರವುಂಟು. ಆದರೆ ಹೇಳಿಕೊಂಡರೆ ತಾನೆ.

ನಮ್ಮ ಕಡೆಯ ಸಂತೆಗಳಲ್ಲಿ ಲೇಹ್ಯ ಮಾರುವವರನ್ನು ತಾವೆಲ್ಲ ಬಲ್ಲಿರಿ. ಅವರ ಕೂಗೆಲ್ಲ ಗಂಡಸರ ಪೌರುಷಕ್ಕೆ. ಕಾಮಸುಖದ ಶಕ್ತಿಯನ್ನು ಹೆಚ್ಚಿಸುವುದೆಂದು ಔಷಧದ ಜಾಹೀರಾತು ಮಾಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಗೋಡೆಗಳಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿಲ್ಲ. ನಾಳೆ ಇದೇ ಬುಟ್ಟಿಯಲ್ಲಿ ಹೆಂಗಸರ ಹೆಸರಿನ ಪೊಟ್ಟಣವೂ ಬಂದರೆ, ಅದನ್ನು ಕೊಳ್ಳುವವನು ಗಂಡ, ನುಂಗುವವಳು ಹೆಂಡತಿ ಎಂದಾಗುವ ಭಯ ನನಗಿದೆ.

ಕನ್ನಡಕ್ಕೆ ಈ ವಿಷಯ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವನ್ನು ಬರೆದ, ಆದರೆ ಅದು ಪಂಡಿತರ ಮಾತು. ಮನೆಯ ಹೆಣ್ಣಿಗೆ ತಿಳಿಯುವ ಕನ್ನಡದಲ್ಲಿ, ವೈದ್ಯೆಯಾಗಿ, ಸಂಕೋಚವಿಲ್ಲದೆ ಬರೆದವರು ಡಾ. ಅನುಪಮಾ ನಿರಂಜನ. ಅವರ ‘ದಾಂಪತ್ಯ ದೀಪಿಕೆ’ ನಮ್ಮ ಸಂಘದ ಪುಸ್ತಕಭಂಡಾರದಲ್ಲಿರಬೇಕೆಂದು ನನ್ನ ಆಸೆ. ಗಡಿಯ ಹೆಣ್ಣುಮಗಳು ಮನೆಯಲ್ಲಿ ಆಡುವುದು ಕನ್ನಡ, ಆಸ್ಪತ್ರೆಯಲ್ಲಿ ಕೇಳುವುದು ತಮಿಳು. ಎರಡನ್ನೂ ಬಲ್ಲಳು, ನಿಜ. ಆದರೆ ಒಳಗಿನ ನೋವನ್ನು ಹೇಳುವ ಮಾತು ಅವಳಿಗೆ ಒಂದೇ ಭಾಷೆಯಲ್ಲಿ ಬರುತ್ತದೆ.

ಆದುದರಿಂದ ಸಂಘಕ್ಕೆ ನನ್ನದೊಂದು ಬಿನ್ನಹ. ಮುಂದೆ ಆರೋಗ್ಯಶಿಬಿರವನ್ನು ಏರ್ಪಡಿಸಿದಾಗ ಹೆಂಗಸರಿಗೆ ಬೇರೆ ಕೋಣೆಯಿರಲಿ. ಕನ್ನಡ ಬಲ್ಲ ದಾದಿಯೊಬ್ಬಳಿರಲಿ. ಗಂಡ, ಅತ್ತೆ ಯಾರೇ ಬಂದಿರಲಿ, ಹತ್ತು ನಿಮಿಷ ಹೊರಗೆ ಕುಳಿತಿರಲಿ. ಆ ದಿನ ಬಂದು ಕೂರಲು ನಾನು ಸಿದ್ಧಳಿದ್ದೇನೆ.