ಲಂಚಕ್ಕೂ ಬಗ್ಗಲಿಲ್ಲ, ಹಸಿವಿಗೂ ಕರಗಲಿಲ್ಲ



1829ರ ದೆಹಲಿ. ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಸರ್ ಎಡ್ವರ್ಡ್ ಕೋಲ್‌ಬ್ರೂಕ್ ಆ ಊರಿಗೆ ದೊರೆಯಿದ್ದಂತೆ. ಅವನ ಕೈಕೆಳಗಿದ್ದ 22ರ ತರುಣ ಚಾರ್ಲ್ಸ್ ಟ್ರೆವೆಲಿಯನ್, ತನ್ನ ಸಾಹೇಬನೇ ಲಂಚ ತಿನ್ನುತ್ತಾನೆಂದು ಬಹಿರಂಗವಾಗಿ ಆಪಾದಿಸಿದ. ಬಿಳಿಯರ ಸಮಾಜ ಹುಡುಗನನ್ನು ದೂರವಿಟ್ಟಿತು. ವಿಚಾರಣೆ ಮುಗಿದಾಗ ಕೆಲಸ ಕಳೆದುಕೊಂಡವನು ಕೋಲ್‌ಬ್ರೂಕ್. ಅಂಥ ಎದೆಗಾರಿಕೆಗೆ ಇಂದಿಗೂ ತಲೆಬಾಗುತ್ತೇನೆ.

ಮುಂದೆ ಆತ ಮೆಕಾಲೆಯ ತಂಗಿ ಹ್ಯಾನಳ ಕೈಹಿಡಿದ. 1840ರಿಂದ 19 ವರ್ಷ ಲಂಡನ್ನಿನ ಖಜಾನೆಯಲ್ಲಿ ಸಹಾಯಕ ಕಾರ್ಯದರ್ಶಿ. ಹೆಸರಿಗಷ್ಟೇ ಸಹಾಯಕ, ಇಲಾಖೆಯ ಕಾಯಂ ಮುಖ್ಯಸ್ಥ ಆತನೇ. ಮಂತ್ರಿಗಳು ಬಂದು ಹೋಗುತ್ತಿದ್ದರು, ಟ್ರೆವೆಲಿಯನ್ ಮಾತ್ರ ಕುರ್ಚಿ ಬಿಡಲಿಲ್ಲ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಹಾಸನದ ಕಡೆಯ ರೈತರಿಗೆ ಈ ರೋಗವನ್ನು ಪರಿಚಯಿಸಬೇಕಿಲ್ಲ. ಆದರೆ ಐರಿಷ್ ಬಡವನ ಹೊಟ್ಟೆಗಿದ್ದದ್ದು ಅದೊಂದೇ ಬೆಳೆ. ಪರಿಹಾರದ ಹಣವೆಲ್ಲ ಟ್ರೆವೆಲಿಯನ್ನನ ಮೇಜು ದಾಟಿಯೇ ಹೋಗಬೇಕಿತ್ತು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು, ಬಿಟ್ಟಿ ಕೊಟ್ಟರೆ ಜನ ಕೆಡುತ್ತಾರೆ ಎಂಬುದು ಆತನ ಗಟ್ಟಿ ನಂಬಿಕೆ. ಪ್ರಧಾನಿ ರಸೆಲ್, ಹಣಕಾಸು ಮಂತ್ರಿ ಚಾರ್ಲ್ಸ್ ವುಡ್ ನಂಬಿದ್ದೂ ಅದನ್ನೇ. ಪಾಪವನ್ನೆಲ್ಲ ಒಬ್ಬನ ತಲೆಗೆ ಕಟ್ಟಲಾಗದು. 1847ರ ಮಾರ್ಚ್ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಮಂದಿ ಹಸಿದ ಹೊಟ್ಟೆಯಲ್ಲಿ ರಸ್ತೆ ಕೂಲಿಗೆ ನಿಂತಿದ್ದರು. ಆ ಬೇಸಗೆಯಲ್ಲಿ ಗಂಜಿ ಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಬಡಿಸಿದವು. ಮನಸ್ಸು ಮಾಡಿದರೆ ಸಾಧ್ಯವಿತ್ತು! ಆದರೆ ಸೆಪ್ಟೆಂಬರಿನೊಳಗೆ ಅವನ್ನು ಮುಚ್ಚಿ, ಹೊರೆಯನ್ನು ಐರ್ಲೆಂಡಿನ ಸ್ಥಳೀಯ ಕರದ ಮೇಲೆ ಹೇರಿದರು. ಅಧಿಕಾರಿಗಳು ಹಳ್ಳಿಗಳ ಸಾವುಗಳ ಬಗ್ಗೆ ಬರೆಯುತ್ತಲೇ ಇದ್ದರು. ಟ್ರೆವೆಲಿಯನ್ ಓದಿದ, ಉತ್ತರಗಳನ್ನೂ ಬರೆದ. 1848ರಲ್ಲಿ ಕ್ಷಾಮದಲ್ಲಿ ದೈವದ ಕೈ ಕಂಡು, ಬಿಕ್ಕಟ್ಟು ಮುಗಿದಂತೆಯೇ ಪುಸ್ತಕ ಪ್ರಕಟಿಸಿದ. ಅದೇ ವರ್ಷ ಆತನಿಗೆ ಸರ್ ಪದವಿ ಸಿಕ್ಕಿತು. ಜನ ಇನ್ನೂ ಸಾಯುತ್ತಿದ್ದರು. ಒಟ್ಟು ಸತ್ತವರು ಸುಮಾರು 10 ಲಕ್ಷ.

ಇದೇ ಕೈ 1854ರಲ್ಲಿ ಸ್ಟಾಫರ್ಡ್ ನಾರ್ತ್‌ಕೋಟ್ ಜೊತೆ ಒಂದು ಪುಟ್ಟ ವರದಿ ಕೊಟ್ಟಿತು. ಶಿಫಾರಸಿನಿಂದ ನೌಕರಿ ಬೇಡ, ಪರೀಕ್ಷೆಯಿಂದ ಆಯ್ಕೆಯಾಗಲಿ, ಅರ್ಹತೆ ನೋಡಿ ಬಡ್ತಿ ಕೊಡಿ ಎಂದಿತು. ದೊಡ್ಡಮನೆಯವರು ಕೆರಳಿದರು. ಬ್ರಿಟನ್ನಿನ ಬಹುತೇಕ ಇಲಾಖೆಗಳಿಗೆ ಮುಕ್ತ ಪರೀಕ್ಷೆ ಬರಲು 1870 ಆಗಬೇಕಾಯಿತು.

ಕಣ್ಣೆದುರಿನ ಅನ್ಯಾಯಕ್ಕೆ ಸಿಡಿದೇಳುತ್ತಿದ್ದವನು, ಕಾಗದದಲ್ಲಿ ಬಂದ ಸಂಕಟಕ್ಕೆ ಕಲ್ಲಾಗುತ್ತಿದ್ದ. ಹೀಗೆಂದು ನನಗನಿಸಿದ್ದು ಆತನ ಮದ್ರಾಸಿನ ದಿನಗಳನ್ನು ಓದಿದಾಗ. 1859ರಲ್ಲಿ ಅಲ್ಲಿಗೆ ಗವರ್ನರ್ ಆಗಿ ಬಂದ. ನಮ್ಮ ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಮರುವರ್ಷ ಕಲ್ಕತ್ತೆಯಲ್ಲಿ ಜೇಮ್ಸ್ ವಿಲ್ಸನ್ ಆದಾಯ ತೆರಿಗೆ ತಂದಾಗ, ಜನರ ಮೇಲೆ ಹೊಸ ಹೊರೆ ಬೇಡ, ಸರ್ಕಾರ ತನ್ನ ಖರ್ಚು ತಗ್ಗಿಸಲಿ ಎಂದು ಪ್ರತಿಭಟನೆ ಬರೆದು ಪತ್ರಿಕೆಗಳಿಗೇ ಕೊಟ್ಟುಬಿಟ್ಟ. ಲಂಡನ್ ಆತನನ್ನು ವಾಪಸು ಕರೆಸಿಕೊಂಡಿತು.

1862ರಲ್ಲಿ ಹಣಕಾಸು ಸದಸ್ಯನಾಗಿ ಭಾರತಕ್ಕೆ ಮರಳಿದ. 1865ರಲ್ಲಿ ನಿವೃತ್ತನಾಗಿ ಹೊರಟ. ಗವರ್ನರ್ ಪದವಿಗೆ ಎರವಾಗಿದ್ದ ಆ ಆದಾಯ ತೆರಿಗೆ ಅದೇ ವರ್ಷ ರದ್ದಾಯಿತು.